ಆ ಬಕೆಟ್ಟನ್ನು ಕೆರೆಗೆ ಸುರಿಯಬೇಡಿ

ಸಹಕಾರನಗರದ ಓದುಗರೊಬ್ಬರ ಪತ್ರ: “ಮಳೆಗಾಲ ಬಂತೆಂದರೆ ನಮ್ಮ ಬಡಾವಣೆಯ ಕೆರೆ ಕಡೆಯಿಂದ ರಾತ್ರಿಯೆಲ್ಲ ಕಪ್ಪೆಗಳ ವಟವಟ ಕೇಳುತ್ತಿತ್ತು. ಈಗ ಸದ್ದೇ ಇಲ್ಲ. ಕಪ್ಪೆಗಳಿಗೆ ಶಿಲೀಂಧ್ರ ರೋಗ ಹಬ್ಬಿದೆಯೆಂದು ಓದಿದೆ. ಕೆರೆಗೆ ಔಷಧಿ ಹೊಡೆಸಬಹುದೇ? ಸಕಲೇಶಪುರದ ನೆಂಟರ ತೋಟದಿಂದ ಮೊಮ್ಮಗಳು ಒಂದು ಬಕೆಟ್ ಗೊದಮೊಟ್ಟೆ ತಂದಿದ್ದಾಳೆ. ಚುರುಕಾಗಿ ಓಡಾಡಿಕೊಂಡಿವೆ. ಕೆರೆಗೆ ಬಿಟ್ಟರೆ ಸಂತತಿ ಬೆಳೆದೀತಲ್ಲವೇ?”

ಸಂಪಾದಕರ ಉತ್ತರ:

ದಯವಿಟ್ಟು ಬಿಡಬೇಡಿ. ಮಗುವಿನ ಮನಸ್ಸಿಗೆ ನೋವಾಗದಂತೆ ನೀವೇ ತಿಳಿಸಿ ಹೇಳಬೇಕಾಗುತ್ತದೆ, ಹಾಗಾಗಿ ಕಾರಣವನ್ನು ಬಿಡಿಸಿ ಬರೆಯುತ್ತೇನೆ.

ನಮ್ಮ ಮನೆಯ ಹೂಕುಂಡಗಳ ನಡುವೆ ಒಂದು ನೆಲಗಪ್ಪೆ ಇದೆ. ಬೇಸಿಗೆಯ ಸಂಜೆ ಗಿಡಕ್ಕೆ ನೀರು ಹಾಕಿದ ಮೇಲೆ ಹೊರಗೆ ಬರುತ್ತದೆ. ತಟ್ಟೆಯಲ್ಲಿ ನಿಂತ ನೀರಿಗೆ ಬಾಯಿ ಹಾಕುವುದಿಲ್ಲ. ಹಿಂಗಾಲು ಅಗಲಿಸಿ, ಕೆಳಹೊಟ್ಟೆಯನ್ನು ಒದ್ದೆ ಮಣ್ಣಿಗೆ ಒತ್ತಿ ಸುಮ್ಮನೆ ಕೂರುತ್ತದೆ. ಅದು ನೀರು ಕುಡಿಯುವುದೇ ಹಾಗೆ. ಕಪ್ಪೆಗೆ ನೀರು, ಉಸಿರಿನ ಒಂದು ಪಾಲು, ಸೋಡಿಯಂ, ಪೊಟ್ಯಾಸಿಯಂ ಎಲ್ಲವೂ ಚರ್ಮದ ಮೂಲಕವೇ ಒಳಗೂ ಹೊರಗೂ ಓಡಾಡುತ್ತವೆ. ಕೈಟ್ರಿಡ್ ಎಂಬ ಶಿಲೀಂಧ್ರ ಹಿಡಿಯುವುದು ಈ ಚರ್ಮವನ್ನೇ. ಚರ್ಮಕ್ಕೆ ಶಿಲೀಂಧ್ರ ತಗಲಿ ಹುಳುಕಡ್ಡಿಯಾದರೆ ನಮಗೆ ತುರಿಕೆ, ಅಷ್ಟೇ. ಕಪ್ಪೆಗಾದರೆ ರಕ್ತದ ಲವಣ ಕುಸಿದು ಹೃದಯವೇ ನಿಂತುಹೋಗುತ್ತದೆ. 2019ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ ಈ ರೋಗದಿಂದ 501 ಉಭಯವಾಸಿ ಪ್ರಭೇದಗಳು ಕುಗ್ಗಿವೆ, ಅವುಗಳಲ್ಲಿ 90 ಪೂರ್ತಿ ಅಳಿದಿರಬೇಕು.

ಇನ್ನು ನಿಮ್ಮ ಗೊದಮೊಟ್ಟೆಗಳು. ಚುರುಕಾಗಿವೆ ಎಂದಿದ್ದೀರಿ. ಆ ಚುರುಕನ್ನು ನಂಬುವ ಹಾಗಿಲ್ಲ. ಈ ಶಿಲೀಂಧ್ರ ನೆಲೆಯೂರುವುದು ಕೆರಾಟಿನ್ ಇರುವ ಕಡೆ, ಅಂದರೆ ನಮ್ಮ ಉಗುರು, ಕೂದಲಿನಲ್ಲಿರುವ ಆ ವಸ್ತು ಇರುವ ಕಡೆ. ಗೊದಮೊಟ್ಟೆಯಲ್ಲಿ ಅದಿರುವುದು ಬಾಯಿಯ ಸುತ್ತ, ಪಾಚಿ ಕೆರೆದು ತಿನ್ನುವ ಸಣ್ಣ ಹಲ್ಲುಗಳಲ್ಲಿ ಮಾತ್ರ. ಹಾಗಾಗಿ ಸೋಂಕಿದ್ದರೂ ಅದು ಆರಾಮಾಗಿ ಈಜುತ್ತಿರುತ್ತದೆ. ಕಾಲು ಮೂಡಿ, ಬಾಲ ಕರಗಿ, ಮೈಗೆಲ್ಲ ಕಪ್ಪೆಯ ಚರ್ಮ ಬಂದಾಗ ರೋಗವೂ ಮೈಗೆಲ್ಲ ಹರಡುತ್ತದೆ. ಅಷ್ಟರಲ್ಲಿ ಅದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಹೋಗಿ ಬೇರೆ ಕಪ್ಪೆಗಳನ್ನು ಸೇರಿರುತ್ತವೆ.

ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಈ ಸೋಂಕು ಇರುವುದು 2011ರಲ್ಲೇ ವರದಿಯಾಗಿದೆ. ಅಲ್ಲಿ ಕಪ್ಪೆಗಳು ರಾಶಿರಾಶಿಯಾಗಿ ಸತ್ತ ಉದಾಹರಣೆ ಇಲ್ಲ ಎನ್ನುವುದು ಸಮಾಧಾನದ ಮಾತು. ಆದರೆ ಘಟ್ಟದ ಕಪ್ಪೆ ತಾಳಿಕೊಂಡದ್ದನ್ನು ಬಯಲುಸೀಮೆಯ ಕಪ್ಪೆಯೂ ತಾಳಿಕೊಳ್ಳುತ್ತದೆ ಎಂದು ನಂಬಿ ಕೂರಲಾಗದು. ಈ ಶಿಲೀಂಧ್ರಕ್ಕೆ ಹಿತವಾದದ್ದು 17ರಿಂದ 25 ಡಿಗ್ರಿ. ವರ್ಷದ ಬಹುಪಾಲು ದಿನ ಬೆಂಗಳೂರಿನ ಹವೆಯೂ ಅದರ ಆಸುಪಾಸಿನಲ್ಲೇ ಇರುತ್ತದೆ.

ಸ್ಪೇನ್‌ನ ಮಯೋರ್ಕಾ ದ್ವೀಪದ ಕಥೆಯನ್ನು ಮೊಮ್ಮಗಳಿಗೆ ಹೇಳಿ. ಅಲ್ಲಿ ಮಾತ್ರ ಇರುವ ಒಂದು ಪುಟ್ಟ ಕಪ್ಪೆ. ಗಂಡು ಮೊಟ್ಟೆಗಳ ಸರವನ್ನು ಹಿಂಗಾಲಿಗೆ ಸುತ್ತಿಕೊಂಡು ಹೊತ್ತು ತಿರುಗುತ್ತದೆ. ಅಳಿಯುತ್ತಿದ್ದ ಈ ಕಪ್ಪೆಯನ್ನು ಉಳಿಸಲೆಂದು ಮೃಗಾಲಯದಲ್ಲಿ ಸಾಕಿ, ಮರಿಮಾಡಿಸಿ, ದ್ವೀಪದ ಕೊಳಗಳಿಗೆ ಬಿಟ್ಟರು. ಸಾಕಿದ ಜಾಗದಲ್ಲಿ ಆಫ್ರಿಕಾದ ಕಪ್ಪೆಗಳೂ ಇದ್ದವು. ಅವುಗಳಿಂದ ಅಂಟಿದ ಶಿಲೀಂಧ್ರ ಹೀಗೆ ದ್ವೀಪಕ್ಕೆ ಕಾಲಿಟ್ಟಿತು. ಉಳಿಸಲು ಹೊರಟವರ ಕೈಯಿಂದಲೇ ರೋಗ ಹೋಯಿತು ಎಂದು ಓದಿದಾಗ ನನಗೆ ಬಹಳ ಸಂಕಟವಾಯಿತು. ಆಮೇಲೆ ಗೊದಮೊಟ್ಟೆಗಳನ್ನು ಹಿಡಿದು ಇಟ್ರಾಕೊನಜೋಲ್ ಔಷಧಿಯಲ್ಲಿ ಅದ್ದಿದರು. ಹುಳುಕಡ್ಡಿಗೆ ವೈದ್ಯರು ನಮಗೆ ಬರೆದುಕೊಡುವ ಮಾತ್ರೆಯಲ್ಲಿರುವುದೂ ಅದೇ. ವಾಪಸ್ ಬಿಟ್ಟರೆ ಮತ್ತೆ ಸೋಂಕು. ಕೊನೆಗೆ ಕೊಳ ಬರಿದು ಮಾಡಿ, ಬಂಡೆಗಳನ್ನೂ ಸೋಂಕುನಿವಾರಕದಿಂದ ತೊಳೆದ ಮೇಲೆಯೇ ರೋಗ ಹೋದದ್ದು. ಗೆದ್ದ ಸುದ್ದಿ ಬಂದದ್ದು 2015ರಲ್ಲಿ. ಅವು ಬಂಡೆಗಳ ನಡುವಿನ ಚಿಕ್ಕ ಕೊಳಗಳು. ನಮ್ಮ ಕೆರೆಗಳನ್ನು ಹಾಗೆ ತೊಳೆಯಲಾದೀತೇ? ಔಷಧಿ ಹೊಡೆಸಿದರೆ ಮೀನು, ಹುಳ, ಪಾಚಿಗಳಿಗೇ ಮೊದಲ ಪೆಟ್ಟು.

ನಿಮ್ಮ ಕೆರೆಯ ಮೌನಕ್ಕೆ ಶಿಲೀಂಧ್ರವೇ ಕಾರಣ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು. ನಾನು ಮೊದಲು ಕೆರೆಯ ಅಂಚನ್ನು ನೋಡುತ್ತೇನೆ. ಕಪ್ಪೆ ಮೊಟ್ಟೆಯಿಡಲು ಬೇಕಾದದ್ದು ಆಳದ ನೀರಲ್ಲ. ಹುಲ್ಲು ಬೆಳೆದ ಜೌಗು, ಮೀನಿಲ್ಲದ ಮಳೆಗುಂಡಿ. ಕಲ್ಲು ಕಟ್ಟಿ, ಸುತ್ತ ವಾಕಿಂಗ್ ಪಾತ್ ಹಾಕಿ, ಚರಂಡಿ ನೀರು ಬಿಟ್ಟ ಕೆರೆಯಲ್ಲಿ ಅದೆಲ್ಲಿ? 2020ರಲ್ಲಿ ರಾಜಾನುಕುಂಟೆಯ ಬಳಿ ಸಿಕ್ಕ, ಮಣ್ಣು ಕೊರೆದು ಬದುಕುವ ಹೊಸ ಕಪ್ಪೆಗೆ ವಿಜ್ಞಾನಿಗಳು ಬೆಂಗಳೂರಿನ ಹೆಸರನ್ನೇ ಇಟ್ಟರು. ಅದು ಸಿಕ್ಕಿದ್ದು ಯಾರೂ ಬೆಲೆ ಕೊಡದ ಬಂಜರು ನೆಲದಲ್ಲಿ. ಅಂಚಿನ ಒಂದು ಭಾಗವನ್ನಾದರೂ ಹಾಗೇ ಬಿಡಿ ಎಂದು ನಿಮ್ಮ ಬಡಾವಣೆಯ ಸಂಘದವರು ಒತ್ತಾಯಿಸಲಿ. ಪಕ್ಕದ ಹೊಲ, ಖಾಲಿ ಸೈಟುಗಳಲ್ಲಿ ಉಳಿದ ಕಪ್ಪೆಗಳು ತಾವಾಗಿ ಬಂದು ಸೇರಲಿ.

ಈಗ ಬಕೆಟ್ ವಿಷಯ. ಅದಕ್ಕೆ ಅಕ್ವೇರಿಯಂ ನೀರೋ ಬೇರೆ ಮೀನೋ ಸೇರಿರದಿದ್ದರೆ, ಗೊದಮೊಟ್ಟೆಗಳು ತೋಟದ ಅದೇ ಹೊಂಡಕ್ಕೆ ವಾಪಸ್ ಹೋಗಲಿ. ಸೇರಿದ್ದರೆ ಎಲ್ಲಿಗೂ ಬಿಡದೆ ಅರಣ್ಯ ಇಲಾಖೆಯವರನ್ನು ಕೇಳಿ. ಉಳಿದ ನೀರನ್ನು ಮೋರಿಗೆ ಚೆಲ್ಲದೆ ಕುದಿಸಿ, ಆರಿಸಿ, ಹೂಕುಂಡಕ್ಕೆ ಹಾಕಿ. ಬಕೆಟ್, ಬಲೆ, ತೋಟದಲ್ಲಿ ತೊಟ್ಟ ಚಪ್ಪಲಿಗಳ ಕೆಸರನ್ನು ಉಜ್ಜಿ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ; ಒಣಗಿದ ಕಡೆ ಈ ಶಿಲೀಂಧ್ರ ಬದುಕದು.