ಬ್ರೌಸರ್‌ನಲ್ಲಿ ನೆಟ್ ಇದೆ, ಬೇರೆ ಆ್ಯಪ್‌ಗಳಲ್ಲಿ ಇಲ್ಲ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಏನು ನೋಡಬೇಕು?

ಬ್ರೌಸರ್‌ನಲ್ಲಿ ಎಲ್ಲ ಸೈಟ್ ತೆರೆಯುತ್ತಿವೆ, ಮೇಲ್ ಆ್ಯಪ್ ಮತ್ತು ಗೇಮ್ ಮಾತ್ರ ಕನೆಕ್ಟ್ ಆಗುತ್ತಿಲ್ಲ ಅಂದರೆ ವೈಫೈ ಬಹುಶಃ ಸರಿಯಾಗೇ ಇದೆ. ಸುಮ್ನೆ ರೂಟರ್ ಆಫ್ ಆನ್ ಮಾಡುತ್ತಾ ಕೂರಬೇಡಿ.

ಮೊದಲು ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ. ಅಲ್ಲಿ ಆ್ಯಪ್ ಓಡಿದರೆ ತೊಂದರೆ ನಿಮ್ಮ ನೆಟ್‌ವರ್ಕ್‌ನದ್ದು. ನೆಟ್‌ವರ್ಕ್‌ನಲ್ಲಿ ಡೇಟಾ ಹೋಗಿ ಬರುವ ನಂಬರ್ ಹಾಕಿದ ಬಾಗಿಲುಗಳಿಗೆ ಪೋರ್ಟ್ ಅನ್ನುತ್ತಾರೆ. ಬ್ರೌಸರ್ ಹೆಚ್ಚಾಗಿ 443ನೇ ಪೋರ್ಟ್ ಬಳಸುತ್ತದೆ. ಮೇಲ್ ಆ್ಯಪ್‌ಗೆ ಸಾಮಾನ್ಯವಾಗಿ 993 ಮತ್ತು 587 ಬೇಕು. ಗೇಮ್‌ಗಳದ್ದು ಬೇರೆಯೇ. ಆಫೀಸು, ಹಾಸ್ಟೆಲ್‌ಗಳಲ್ಲಿ ಇಂಥ ಪೋರ್ಟ್‌ಗಳನ್ನು ಮುಚ್ಚಿರುವುದುಂಟು. ಆಗ ನೆಟ್‌ವರ್ಕ್ ನೋಡಿಕೊಳ್ಳುವವರನ್ನೇ ಕೇಳಬೇಕು, ನಿಮ್ಮ ಕಡೆ ರಿಪೇರಿ ಮಾಡಲು ಏನೂ ಇಲ್ಲ.

ಹಾಟ್‌ಸ್ಪಾಟ್‌ನಲ್ಲೂ ಅದೇ ಕಥೆಯಾದರೆ ತೊಂದರೆ ಬಹುಶಃ ಲ್ಯಾಪ್‌ಟಾಪ್‌ನದ್ದೇ. ನನಗೆ ಜಾಸ್ತಿ ಅನುಮಾನ ಪ್ರಾಕ್ಸಿ ಮೇಲೆ, ಅಂದರೆ ನೆಟ್ ಸಂಪರ್ಕವನ್ನು ನಡುವಿನ ಬೇರೊಂದು ಕಂಪ್ಯೂಟರ್ ಮೂಲಕ ಕಳಿಸುವ ಸೆಟ್ಟಿಂಗ್ ಮೇಲೆ. ವಿಪಿಎನ್ ತೆಗೆದುಹಾಕಿದ ಮೇಲೂ ಅದು ಹಾಕಿದ್ದ ಪ್ರಾಕ್ಸಿ ಕೆಲವೊಮ್ಮೆ ಹಾಗೇ ಉಳಿದುಬಿಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರಾಕ್ಸಿಯನ್ನು ಬೇರೆಯಾಗಿ ಆಫ್ ಮಾಡಿಡಬಹುದು. ಅದಕ್ಕೇ ಅದೊಂದು ಓಡುತ್ತದೆ, ವಿಂಡೋಸ್ ಸೆಟ್ಟಿಂಗ್ ನಂಬಿದ ಆ್ಯಪ್‌ಗಳು ನಿಲ್ಲುತ್ತವೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದೊಳಗೆ ಪ್ರಾಕ್ಸಿ ತೆರೆದು, ನೀವು ಹಾಕದ ವಿಳಾಸ ಏನಾದರೂ ಇದ್ದರೆ ಆಫ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೇಳದೆ ಮುಟ್ಟಬೇಡಿ.

ಆಮೇಲೆ ಆಂಟಿವೈರಸ್‌ನ ಫೈರ್‌ವಾಲ್ (ಯಾವ ಆ್ಯಪ್‌ಗೆ ನೆಟ್ ಬಿಡಬೇಕು ಎಂದು ನಿರ್ಧರಿಸುವ ಭಾಗ) ಪಟ್ಟಿಯಲ್ಲಿ ಆ ಆ್ಯಪ್ ಬ್ಲಾಕ್ ಆಗಿದೆಯಾ ನೋಡಿ. ತಾರೀಖು, ಸಮಯ ತಪ್ಪಿದ್ದರೂ ಕೆಲವು ಆ್ಯಪ್‌ಗಳ ಸುರಕ್ಷಿತ ಕನೆಕ್ಷನ್ ಕೂಡದಿರಬಹುದು.

ಯಾವುದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲೇ ನೆಟ್‌ವರ್ಕ್ ರೀಸೆಟ್ ಇದೆ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೂ ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.