ಜಾರಿದ ಟೆಂಡನ್‌ನಿಂದಲೇ ಶುರು ಮಾಡಿ

ನಮಸ್ಕಾರ. ಮೆದು ಅಂಗಾಂಶಗಳ ಗಟ್ಟಿತನ ಅಳೆಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ಬಿಸಾಡಬೇಡಿ, ಒಳಗೆ ಸರಕಿದೆ.

ದೇಹ ಅದ್ಭುತ ಯಂತ್ರ ಅನ್ನುವ ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಒದ್ದೆ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ, ಎಳೆಯುವ ಯಂತ್ರದ ಕ್ಲಾಂಪಿನಿಂದ ಮೂರನೇ ಸಲವೂ ಜಾರಿತು ಎಂದು ನಾಲ್ಕನೇ ಪುಟದಲ್ಲಿ ಸುಮ್ನೆ ಅರ್ಧ ಸಾಲು ಬರೆದಿದ್ದೀರಲ್ಲ, ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ. ಬಿಗಿ ಹಿಡಿದರೆ ತುದಿ ಜಜ್ಜಿಹೋಗಿ ಅಲ್ಲೇ ಹರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ, ಅದಕ್ಕೇ ಸ್ಯಾಂಡ್‌ಪೇಪರ್ ಇಡುತ್ತಾರೆ, ಕೆಲವರು ತುದಿಯನ್ನೇ ಹೆಪ್ಪುಗಟ್ಟಿಸಿ ಹಿಡಿಯುತ್ತಾರೆ. ಚೂರೇ ಚೂರು ಜಾರಿದರೂ ಯಂತ್ರ ಅದನ್ನು ಹಿಗ್ಗಿದ ಲೆಕ್ಕಕ್ಕೇ ಸೇರಿಸುತ್ತದೆ. ಜಾರಿದ್ದು ಹಿಡಿತ, ಮೆದು ಅನ್ನಿಸಿಕೊಂಡಿದ್ದು ಟೆಂಡನ್! ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಟೆಂಡನ್ ತಾನೇ ಎಷ್ಟು ಹಿಗ್ಗಿತು ಎಂದು ತಿಳಿಯಲು ಮಾದರಿಯ ಮೇಲೆ ಚುಕ್ಕೆ ಇಟ್ಟು ಕ್ಯಾಮೆರಾದಲ್ಲಿ ನೋಡಿದ್ದಿರಾ? ನೋಡಿದ್ದರೆ ಬರೆಯಿರಿ.

ಇನ್ನು ಚರ್ಮದ ಯಂಗ್ ಮಾಡ್ಯುಲಸ್ (ಎಳೆದಾಗ ಹಿಗ್ಗದೆ ತಡೆಯುವ ಗಟ್ಟಿತನದ ಅಳತೆ) ಇಷ್ಟು ಎಂದು ಒಂದೇ ಅಂಕಿ ಕೊಟ್ಟಿದ್ದೀರಿ. ಉಕ್ಕಿಗೆ ಸುಮಾರು 200 ಗಿಗಾಪ್ಯಾಸ್ಕಲ್ ಅಂದರೆ ನಡೆಯುತ್ತದೆ, ಚರ್ಮಕ್ಕೆ ನಡೆಯಲ್ಲ. ಅಂಗೈ ಹಿಂದಿನ ಚರ್ಮ ಎಳೆದು ನೋಡಿ. ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಇನ್ನು ಬರಲ್ಲ ಅನ್ನುತ್ತದೆ. ಒಳಗೆ ಸುರುಳಿಯಾಗಿದ್ದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ನೆಟ್ಟಗಾದ ಮೇಲೆ ಬಿಗಿ ಒಮ್ಮೆಲೇ ಏರುತ್ತದೆ. ಹಾಗಿರುವಾಗ ನಿಮ್ಮ ಅಂಕಿ ಎಷ್ಟು ಎಳೆದಾಗಿನದು? ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ? ದಿಕ್ಕು ಸಣ್ಣ ವಿಷಯ ಅಲ್ಲ. 1861ರಲ್ಲಿ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡು ಮೊನೆಯಿಂದ ಚುಚ್ಚಿದಾಗ ತೂತುಗಳು ದುಂಡಗೆ ಉಳಿಯದೆ ಉದ್ದುದ್ದ ಆದವು, ಚರ್ಮದ ಬಿಗಿ ಎಲ್ಲ ದಿಕ್ಕಿಗೂ ಒಂದೇ ಅಲ್ಲವಲ್ಲ. ಇಂಥದ್ದು ಒಂದು ಹಾಕಿ, ಓದುವವರು ಪುಟ ಬಿಡಲ್ಲ.

ಮೊದಲನೇ ಎಳೆತಕ್ಕೂ ಹತ್ತನೆಯದಕ್ಕೂ ಬಲ-ಹಿಗ್ಗುವಿಕೆಯ ಗೆರೆ ಒಂದೇ ಬರಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಎಷ್ಟು ಸಲ ಎಳೆದು ಬಿಟ್ಟ ಮೇಲೆ ಅಳೆದಿರಿ, ಮಾದರಿಯನ್ನು ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಒದ್ದೆಯಾಗಿ ಇಟ್ಟಿದ್ದಿರಾ, ಅದೂ ಇಲ್ಲ.

ಮಿದುಳು, ಟೆಂಡನ್ ಎರಡನ್ನೂ ಸೇರಿಸಿದ ಆ ಪಟ್ಟಿ ಬೇಡ. ಮಿದುಳಿನದು ಕಿಲೋಪ್ಯಾಸ್ಕಲ್ ಆಸುಪಾಸು, ಟೆಂಡನ್‌ನದು ಗಿಗಾಪ್ಯಾಸ್ಕಲ್ ಲೆಕ್ಕ, ಸುಮಾರು ಹತ್ತು ಲಕ್ಷ ಪಟ್ಟು ಅಂತರ. ಒಂದನ್ನು ಒತ್ತಿ ಅಳೆದದ್ದು, ಇನ್ನೊಂದನ್ನು ಎಳೆದು. ಅಕ್ಕಪಕ್ಕ ಕೂರಿಸಿದರೆ ಓದುಗರಿಗೆ ಏನು ಸಿಕ್ಕಂತಾಯಿತು?

ಕೊನೆಯದಾಗಿ, ದಪ್ಪ ಅಳೆದದ್ದು ಹೇಗೆ? ಕ್ಯಾಲಿಪರ್ ಒತ್ತಿದರೆ ಮಾದರಿಯೇ ತಗ್ಗುತ್ತದೆ, ತೆಳು ಅಂದುಕೊಂಡಷ್ಟೂ ಒತ್ತಡದ (ಎಳೆದ ಬಲವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ) ಲೆಕ್ಕ ಜಾಸ್ತಿ ಬರುತ್ತದೆ. ಅದನ್ನೂ ಸೇರಿಸಿ, ಅರ್ಧಕ್ಕೆ ಇಳಿಸಿ ಕಳಿಸಿ.