ಬಿಚ್ಚಿ ಕಲಿಯೋಕೆ ಯಾವ ಹಳೇ ಬೈಕ್ ತಗೊಳ್ಳಲಿ?

ಪ್ರಶ್ನೆ: ದಿನಾ ಓಡಾಡಲು ಒಳ್ಳೆ ಬೈಕ್ ಇದೆ. ರಿಪೇರಿ ಕಲಿಯಲೆಂದೇ ಕಡಿಮೆ ಬೆಲೆಯ ಇನ್ನೊಂದು ಹಳೇ ಬೈಕ್ ಕೊಳ್ಳುವ ಆಸೆ. ಎರಡು ಕಣ್ಣಿಗೆ ಬಿದ್ದಿವೆ. ಒಂದು ನಾಲ್ಕು ಸಿಲಿಂಡರಿನ ಹೋಂಡಾ ಸಿಬಿ750. ಎಂಜಿನ್ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟಿದ್ದಾರೆ, ಹಾಗಾಗಿ ಅಗ್ಗ. ಇನ್ನೊಂದು ಹೋಂಡಾ ಸಿಜಿ125. ಪೂರ್ತಿ ಇದೆ, ಆದರೆ ವರ್ಷಗಳಿಂದ ಸ್ಟಾರ್ಟ್ ಆಗಿಲ್ಲ. ಬೆಲೆ ಸ್ವಲ್ಪ ಜಾಸ್ತಿ. ಮನಸ್ಸು ಮೊದಲನೆಯದರ ಕಡೆಗೇ ಎಳೆಯುತ್ತಿದೆ. ಏನು ಮಾಡಲಿ?

ಉತ್ತರ: ಸಿಜಿ125 ತಗೊಳ್ಳಿ.

ನಿಮ್ಮ ಆಸೆ ಅರ್ಥವಾಗುತ್ತದೆ. 1969ರಲ್ಲಿ ಬಂದ ಸಿಬಿ750 ನನಗೂ ತುಂಬಾ ಇಷ್ಟ. ಆದರೆ ಅದರಲ್ಲಿ ನಾಲ್ಕು ಕಾರ್ಬುರೇಟರ್. ನಾಲ್ಕನ್ನೂ ಕ್ಲೀನ್ ಮಾಡಿ, ಒಂದೇ ಸಮ ತೆರೆಯುವಂತೆ ಹೊಂದಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ ಆ ಡಬ್ಬಗಳು. ಬೇರೆಯವರು ಬಿಚ್ಚಿದ ಎಂಜಿನ್‌ನಲ್ಲಿ ಯಾವ ಬೋಲ್ಟ್ ಎಲ್ಲಿಯದು, ಯಾವ ವಾಷರ್ ಕಳೆದುಹೋಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ನೀವೇ ಬಿಚ್ಚಿದರೆ, ಪ್ರತಿ ಹಂತದಲ್ಲೂ ಫೋಟೋ ತೆಗೆದಿಟ್ಟುಕೊಂಡರೆ, ವಾಪಸ್ ಜೋಡಿಸಬಹುದು. ಕಲಿಯಲು ಬರುವುದು ಹಾಗೆಯೇ.

ಸಿಜಿಯಲ್ಲಿ ಒಂದೇ ಸಿಲಿಂಡರ್, ಒಂದೇ ಕಾರ್ಬುರೇಟರ್, ಗಾಳಿಯಿಂದಲೇ ತಂಪಾಗುವ ಎಂಜಿನ್. ವಾಲ್ವ್ ತೆರೆಯಲು ಪುಶ್‌ರಾಡ್ ಅನ್ನುವ ತಳ್ಳುಕಡ್ಡಿ ಇರುವುದರಿಂದ, ಆ ಕೆಲಸಕ್ಕೆ ಬೇಕಾಗುವ ಕ್ಯಾಮ್ ಚೈನ್‌ನ ಗೋಜೇ ಇಲ್ಲ. ಹೆಚ್ಚು ಆರೈಕೆ ಸಿಗದಿದ್ದರೂ ಓಡಬೇಕು ಅಂತಲೇ ಮಾಡಿದ ಎಂಜಿನ್ ಅದು. ಆದರೂ ದುಡ್ಡು ಕೊಡುವ ಮೊದಲು ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಸೆಟ್, ಕ್ಲಚ್ ಪ್ಲೇಟ್, ಕೇಬಲ್ ಇವೆಲ್ಲ ಈಗಲೂ ಸಿಗುತ್ತವೆಯೇ ವಿಚಾರಿಸಿ. ನಾನು ಹಳೇ ಗಾಡಿ ಆರಿಸುವುದು ಬೆಲೆ ನೋಡಿ ಅಲ್ಲ, ಪಾರ್ಟ್ಸ್ ನೋಡಿ.

ನೋಡಲು ಹೋದಾಗ ಮೊದಲು ದಾಖಲೆ ಕೇಳಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ದಾಖಲೆಗೆ ತಾಳೆಯಾಗಬೇಕು. ಆಗದಿದ್ದರೆ ಅಲ್ಲಿಂದ ಹೊರಡಿ. ಎಂಥ ಚೆಂದದ ಗಾಡಿಯಾದರೂ ಬೇಡ.

ಆಮೇಲೆ ಎಂಜಿನ್. ವರ್ಷಗಟ್ಟಲೆ ನಿಂತ ಗಾಡಿಗೆ ಹೋದ ತಕ್ಷಣ ಜೋರಾಗಿ ಕಿಕ್ ಹೊಡೆಯಬೇಡಿ. ಮಾಲೀಕರನ್ನು ಕೇಳಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಸ್ವಲ್ಪ ಹೊತ್ತು ಕಾದು, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ. ಪಿಸ್ಟನ್ ಆಡಿದರೆ ಅರ್ಧ ಚಿಂತೆ ಕಳೆಯಿತು. ಆಡದಿದ್ದರೆ ಜಾಮ್ ಆಗಿದೆ, ಬೋರ್ (ಸಿಲಿಂಡರಿನ ಒಳಗೋಡೆ) ಕೆಲಸ ಬರಬಹುದು. ಬೆಲೆ ಇಳಿಸಲು ಅದೇ ಸಾಕು. ಆಡಿದರೆ ಪ್ಲಗ್ ವಾಪಸ್ ಹಾಕಿ ಕಂಪ್ರೆಷನ್ ನೋಡಿ, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ ನಿಲ್ಲುತ್ತದೆಯೇ ಅಂತ. ಕಿಕ್ಕರ್ ಸುಮ್ನೆ ಇಳಿದುಹೋದರೆ ಸಿಲಿಂಡರಿಗೆ ಇನ್ನೊಂದಿಷ್ಟು ಆಯಿಲ್ ಬಿಟ್ಟು ಮತ್ತೆ ಒತ್ತಿ. ಈಗ ಬಿಗಿಯಾದರೆ ರಿಂಗ್ ಅಥವಾ ಬೋರ್ ಸವೆದಿದೆ. ಹಾಗೇ ಇದ್ದರೆ ವಾಲ್ವ್ ಕಡೆ ಅನುಮಾನ ಪಡಿ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ. ನಟ್ಟನಡುವೆ ಕಚ್ಚಿ ನಿಂತಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ, ಅದು ಸಣ್ಣ ಖರ್ಚು. ಫೋರ್ಕಿನ ಆಯಿಲ್ ಸೀಲ್ ಸೋರುವುದೂ ಅಷ್ಟೇ. ಆದರೆ ಹ್ಯಾಂಡಲ್ ಕೆಳಗೆ ಫ್ರೇಮಿನ ಪೇಂಟ್ ಮಡಿಕೆ ಬಿದ್ದಿದ್ದರೆ ಗಾಡಿ ಎಲ್ಲೋ ಗುದ್ದಿದೆ. ಅದನ್ನು ಬಿಟ್ಟುಬಿಡಿ.

ಗಾಡಿಯ ಬೆಲೆಯಷ್ಟೇ ದುಡ್ಡು ಬೇರೆ ಎತ್ತಿಡಿ. ಟೈರ್, ಟ್ಯೂಬ್, ಬ್ಯಾಟರಿ, ಚೈನ್ ಸೆಟ್, ಬ್ರೇಕ್ ಶೂ ಹೇಗೂ ಬೇಕಾಗುತ್ತವೆ. ಬಣ್ಣದ ಯೋಚನೆ ಕೊನೆಗೆ ಇರಲಿ. ಮೊದಲು ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಾರ್ಬುರೇಟರ್ ಬಿಚ್ಚಿ ಜೆಟ್‌ಗಳ (ಪೆಟ್ರೋಲ್ ಹಾಯುವ ಸಣ್ಣ ಭಾಗಗಳ) ತೂತು ತೆರವು ಮಾಡಿ. ನಿಂತ ಗಾಡಿ ಸ್ಟಾರ್ಟ್ ಆಗದಿರಲು ಎಷ್ಟೋ ಸಲ ಅಲ್ಲಿ ಗಟ್ಟಿಯಾದ ಪೆಟ್ರೋಲಿನ ಅಂಟೇ ಕಾರಣ. ಎಂಜಿನ್ ಹತ್ತಿಕೊಂಡ ಖುಷಿಯಲ್ಲಿ ಹಾಗೇ ರಸ್ತೆಗೆ ಇಳಿಯಬೇಡಿ. ಎರಡೂ ಬ್ರೇಕ್ ಬಿಚ್ಚಿ ನೋಡಿ, ಹಳೇ ಟೈರ್ ಬದಲಿಸಿದ ಮೇಲೆಯೇ ಓಡಿಸಿ.